ಜೆಲ್ಲಿಫಿಶ್, ಹವಳ, ಹೈಡ್ರಾ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಕಾರವಾರದ ಕಡೆ ಪ್ರವಾಸ ಹೋಗಿದ್ದೆವು. ಮರಳಿನ ಮೇಲೆ ಬಿದ್ದಿದ್ದ ಒಂದು ಜೆಲ್ಲಿಫಿಶ್ ಸುತ್ತ ನಲವತ್ತು ಮಕ್ಕಳು ಅರ್ಧ ಗಂಟೆ ಕದಲಲಿಲ್ಲ. ಅಲ್ಲಿಂದ ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಮಕ್ಕಳು ಕೇಳುತ್ತಾರೆ, ಪಾಲಕರು ಕೇಳುತ್ತಾರೆ, ಬೀದರ್ ಮತ್ತು ಯಾದಗಿರಿಯಿಂದ ಪತ್ರಗಳೂ ಬರುತ್ತವೆ. ಜಾಸ್ತಿ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲ ಪರಿಚಯ

ಮೇಡಂ, ಜೆಲ್ಲಿಫಿಶ್ ಅಂದ್ರ ಮೀನೇನ್ರಿ?

ಅಲ್ಲ. ಹೆಸರಷ್ಟೇ ಮೀನು. ಕನ್ನಡದಲ್ಲಿ ಲೋಳೆಮೀನು ಅಂತ ಕರೆದು ನಾವೂ ಅದೇ ಗೊಂದಲ ಮಾಡಿಕೊಂಡಿದ್ದೇವೆ. ಮೀನಿಗೆ ಬೆನ್ನೆಲುಬು ಇದೆ, ಕಿವಿರು ಇದೆ, ಮಿದುಳಿದೆ. ಇದಕ್ಕೆ ಎಲುಬಿಲ್ಲ, ಮಿದುಳಿಲ್ಲ, ಹೃದಯವಿಲ್ಲ, ರಕ್ತವೂ ಇಲ್ಲ. ಮೈಯ ಶೇ 95ರಷ್ಟು ನೀರೇ. ಹೊರಗೊಂದು ಜೀವಕೋಶಗಳ ಪದರ, ಒಳಗೊಂದು ಪದರ, ನಡುವೆ ಲೋಳೆ. ಬಾಯಿ ಒಂದೇ. ತಿನ್ನುವುದೂ ಅಲ್ಲಿಂದಲೇ, ಕಸ ಹೊರಗೆ ಹಾಕುವುದೂ ಅಲ್ಲಿಂದಲೇ. ಮೈ ಅಷ್ಟು ತೆಳುವಾಗಿರುವುದರಿಂದ ಆಮ್ಲಜನಕ ಚರ್ಮದಿಂದಲೇ ಒಳಗೆ ಹೋಗುತ್ತದೆ, ಶ್ವಾಸಕೋಶದ ಗೊಡವೆಯೇ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ದಂಡೆಯ ಮೇಲೆ ಬಿದ್ದರೆ ಸಂಜೆಗೆ ಉಳಿಯುವುದು ಒಂದು ಒಣ ಪೊರೆ ಮಾತ್ರ.

ಹವಳಕ್ಕೂ ಜೆಲ್ಲಿಫಿಶ್‌ಗೂ ಏನ್ ಸಂಬಂಧ? ಒಂದು ಕಲ್ಲು, ಇನ್ನೊಂದು ನೀರು!

ಒಂದು ಲೋಟ ತಗೊಳ್ಳಿ. ಬಾಯಿ ಮೇಲಾಗಿ ಇಡಿ, ಅಂಚಿನ ಸುತ್ತ ದಾರದ ಎಳೆಗಳು ಇವೆ ಅಂದುಕೊಳ್ಳಿ. ಇದು ಪಾಲಿಪ್. ಹವಳದ ಪ್ರಾಣಿ ಹೀಗಿರುತ್ತದೆ, ಹೈಡ್ರಾ ಎಂಬ ಪುಟ್ಟ ಪ್ರಾಣಿ ಹೀಗಿರುತ್ತದೆ, ಸಮುದ್ರದ ಹೂ ಅಂತ ಕರೆಯುವ ಸೀ ಅನಿಮೋನ್ ಕೂಡ ಹೀಗೇ. ಈಗ ಅದೇ ಲೋಟವನ್ನು ಬೋರಲು ಹಾಕಿ ನೀರಿನಲ್ಲಿ ತೇಲಿ ಬಿಡಿ. ಅದು ಮೆಡುಸಾ, ಅಂದರೆ ಜೆಲ್ಲಿಫಿಶ್ ರೂಪ. ಒಂದು ಕೂತು ಬದುಕುತ್ತದೆ, ಇನ್ನೊಂದು ತೇಲಿ ಬದುಕುತ್ತದೆ. ಮೈಯ ವಿನ್ಯಾಸ ಒಂದೇ.

ಈ ಬಳಗಕ್ಕೆ ನಿಡೇರಿಯಾ ಅಂತ ಹೆಸರು, ಹಳೆಯ ಪಠ್ಯಗಳಲ್ಲಿ ಸೀಲೆಂಟರೇಟಾ ಅಂತ ಇರುತ್ತಿತ್ತು. 11,000ಕ್ಕೂ ಹೆಚ್ಚು ಪ್ರಭೇದಗಳಿವೆ. ನಿಡೇ ಅಂದರೆ ಗ್ರೀಕ್ ಭಾಷೆಯಲ್ಲಿ ಮುಟ್ಟಿದರೆ ಉರಿಯುವ ಗಿಡ, ನಮ್ಮ ತುರಚಿ ಗಿಡದಂಥದ್ದು. ಹೆಸರು ಸರಿಯಾಗಿಯೇ ಇದೆ, ಯಾಕಂದರೆ ಕುಟುಕುವ ಕಣ ಈ ಬಳಗದ ಪ್ರತಿಯೊಂದಕ್ಕೂ ಇದೆ.

ಹವಳ ಗಿಡಾನೋ, ಕಲ್ಲೋ, ಪ್ರಾಣೀನೋ? ಒಂದೇ ಉತ್ತರ ಹೇಳ್ರಿ.

ಪ್ರಾಣಿ. ಆದರೆ ಅದರೊಳಗೆ ಗಿಡದಂಥ ಒಂದು ಜೀವ ಮನೆ ಮಾಡಿದೆ, ಅದರ ಕೆಳಗೆ ಕಲ್ಲು ಇದೆ. ದಿಬ್ಬ ಕಟ್ಟುವ ಹವಳದ ಪಾಲಿಪ್ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಇರುತ್ತವೆ. ಅವು ಬಿಸಿಲಿನಲ್ಲಿ ಸಕ್ಕರೆ ಮಾಡಿ ಅದರ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತವೆ. ಹವಳ ಅವಕ್ಕೆ ಇರಲು ಜಾಗ ಮತ್ತು ಗೊಬ್ಬರ ಕೊಡುತ್ತದೆ. ಆ ಊಟದ ಬಲದಿಂದಲೇ ಹವಳ ತನ್ನ ಬುಡದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇಳಿಸುತ್ತಾ ಹೋಗುತ್ತದೆ, ಅಂದರೆ ಸುಣ್ಣದ ಕಲ್ಲಿನಲ್ಲಿರುವ ಅದೇ ವಸ್ತು. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಅರ್ಧ ಸೆಂಟಿಮೀಟರಿನಿಂದ 2 ಸೆಂಟಿಮೀಟರ್ ಏರಿದರೆ ಹೆಚ್ಚು. ಕವಲೊಡೆಯುವವು 10 ಸೆಂಟಿಮೀಟರ್ ತನಕ ಬೆಳೆದಾವು. ಇಷ್ಟು ನಿಧಾನಕ್ಕೆ ಕಟ್ಟಿದ್ದೇ ಆಸ್ಟ್ರೇಲಿಯಾದ 2,300 ಕಿಲೋಮೀಟರ್ ಉದ್ದದ ಗ್ರೇಟ್ ಬ್ಯಾರಿಯರ್ ರೀಫ್.

ನಮ್ಮ ಅವ್ವನ ತಾಳಿಯೊಳಗಿನ ಹವಳ ಇದೇನ್ರಿ?

ಅಸಲಿ ಆಗಿದ್ದರೆ ಇದೇ ಬಳಗದ್ದು, ಆದರೆ ದಿಬ್ಬ ಕಟ್ಟುವ ಹವಳವಲ್ಲ. ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ್ದು. ಬೆಳಕು ಕಡಿಮೆ ಇರುವ ಬಂಡೆ ಸಂದಿಗಳಲ್ಲಿ ಬೆಳೆಯುತ್ತದೆ, ಒಳಗೆ ಪಾಚಿ ಇಲ್ಲ, ಪ್ರತಿ ಪಾಲಿಪ್‌ಗೆ ಎಂಟೇ ಎಳೆಗಳು. ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ದಪ್ಪ ಆಗುವುದಿಲ್ಲ! ಹಾಗಾಗಿ ಒಂದು ದಪ್ಪ ಮಣಿ ಅಂದರೆ ಎಷ್ಟೋ ವರ್ಷಗಳ ಬೆಳೆ. ರೋಮನ್ನರ ಕಾಲದಿಂದಲೇ ಅದು ಹಡಗು ಹತ್ತಿ ಭಾರತಕ್ಕೆ ಬರುತ್ತಿತ್ತು. ನಮ್ಮ ಅವ್ವನ ಎರಡು ಹವಳ ನನ್ನ ಹತ್ತಿರ ಇವೆ. ಅವು ಒಂದು ಕಾಲಕ್ಕೆ ಸಾವಿರಾರು ಸಣ್ಣ ಬಾಯಿಗಳ ಮನೆಯಾಗಿದ್ದವು ಅಂತ ತಿಳಿದ ಮೇಲೆ ಅವುಗಳ ಮೇಲಿನ ಪ್ರೀತಿ ನನಗೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಈಗ ಮಾರುಕಟ್ಟೆಯಲ್ಲಿ ಗಾಜು, ಪ್ಲಾಸ್ಟಿಕ್, ಬಣ್ಣ ಹಾಕಿದ ಮಣಿಗಳೂ ಹವಳದ ಹೆಸರಲ್ಲೇ ಸಿಗುತ್ತವೆ. ಇನ್ನೊಂದು ಮಾತು. ಸಮುದ್ರಕ್ಕೆ ಹೋದಾಗ ನೆನಪಿಗೆ ಅಂತ ದಿಬ್ಬದ ಹವಳದ ತುಂಡು ಕಿತ್ತು ತರಬೇಡಿ. ಭಾರತದ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ.

ಇವು ಬರೇ ಸಮುದ್ರದಾಗ ಇರ್ತಾವೇನು? ನಮ್ಮ ಕಡೆ ಒಂದೂ ಇಲ್ಲೇನು?

ಈ ಪ್ರಶ್ನೆ ಬಂದರೆ ನನಗೆ ಬಹಳ ಖುಷಿ. ಇವೆ, ಹೈಡ್ರಾ ಇದೆ. ನಿಂತ ಸಿಹಿನೀರು, ಒಂದಿಷ್ಟು ಜಲಸಸ್ಯ, ಕೊಳಚೆ ಸೇರದ ಜಾಗ ಇದ್ದರೆ ಸಾಕು. ಕೆರೆಯಿಂದಲೋ ಹಳೆಯ ಬಾವಿಯಿಂದಲೋ ನೀರಿನ ಜೊತೆ ಸ್ವಲ್ಪ ಜೊಂಡು, ಎಲೆ ತಂದು ಗಾಜಿನ ಭರಣಿಯಲ್ಲಿ ಹಾಕಿ, ಕಿಟಕಿ ಹತ್ತಿರ ನೆರಳಲ್ಲಿ ಒಂದು ದಿನ ಅಲುಗಾಡಿಸದೆ ಇಡಿ. ಆಮೇಲೆ ಗಾಜಿನ ಒಳಮೈ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಅರ್ಧ ಸೆಂಟಿಮೀಟರ್ ಉದ್ದದ, ತುದಿ ಬಿಚ್ಚಿದ ದಾರದ ತುಂಡಿನಂಥದ್ದು ಕಂಡರೆ ಭರಣಿಗೆ ಮೆಲ್ಲಗೆ ತಟ್ಟಿ. ದಾರ ಆಗಿದ್ದರೆ ಸುಮ್ನೆ ಇರುತ್ತದೆ. ಹೈಡ್ರಾ ಆಗಿದ್ದರೆ ಮುದುಡಿ ಚುಕ್ಕೆಯಾಗುತ್ತದೆ. ನನಗೆ ಮೊದಲ ಸಲ ಸಿಕ್ಕಿದ್ದು ಬೀದರ್ ಹತ್ತಿರದ ನೆಂಟರ ಹೊಲದ ಬಾವಿಯಲ್ಲಿ, ಮೂರನೇ ಭರಣಿಯಲ್ಲಿ. ಹಾಗಾಗಿ ಒಂದೇ ಸಲಕ್ಕೆ ಬೇಸರಪಡಬೇಡಿ.

ಹೈಡ್ರಾವನ್ನು ಕತ್ತರಿಸಿದರೆ ತುಂಡುಗಳು ಮತ್ತೆ ಪೂರ್ತಿ ಹೈಡ್ರಾ ಆಗುತ್ತವೆ. ಅಬ್ರಹಾಂ ಟ್ರೆಂಬ್ಲಿ ಎಂಬವರು 1740ರ ದಶಕದಲ್ಲಿ ಇದನ್ನು ತೋರಿಸಿದಾಗ ಯುರೋಪಿನ ವಿದ್ವಾಂಸರು ನಂಬಲು ಒದ್ದಾಡಿದರು. ನವರಾತ್ರಿಯಲ್ಲಿ ಪುರಾಣ ಕೇಳಿ ಬೆಳೆದ ನಮ್ಮ ಮಕ್ಕಳು ಮಾತ್ರ "ರಕ್ತಬೀಜಾಸುರ ಇದ್ದಂಗ ಅದರಿ" ಅಂತಾರೆ. ಮಾಮೂಲಿ ದಿನಗಳಲ್ಲಿ ಅದರ ಮೈಯಿಂದಲೇ ಮೊಗ್ಗಿನ ಹಾಗೆ ಮರಿ ಮೂಡಿ, ಬಲಿತು, ಕಳಚಿಕೊಳ್ಳುತ್ತದೆ.

ಸಿಹಿನೀರಿನ ಜೆಲ್ಲಿಫಿಶ್ ಕೂಡ ಇದೆ. 20ನೇ ಶತಮಾನದ ಆರಂಭದಲ್ಲಿ ಪ್ರಾಣಿವಿಜ್ಞಾನಿ ನೆಲ್ಸನ್ ಅನ್ನಂಡೇಲ್ ಅವರು ಲಿಮ್ನೋಕ್ನಿಡಾ ಇಂಡಿಕಾ ಎಂಬ ಪುಟ್ಟ ಜೆಲ್ಲಿಫಿಶ್ ಅನ್ನು ವಿವರಿಸಿದರು. ಸಿಕ್ಕಿದ್ದು ಸಹ್ಯಾದ್ರಿಯ ಹೊಳೆಗಳಲ್ಲಿ, ಕೃಷ್ಣೆಗೆ ಸೇರುವ ನೀರಿನಲ್ಲಿ. ಅದೇ ಕೃಷ್ಣೆ ಆಮೇಲೆ ನಮ್ಮ ಯಾದಗಿರಿ ಜಿಲ್ಲೆಯನ್ನು ಹಾಯ್ದು ಹೋಗುತ್ತಾಳೆ.

ಶಹಾಬಾದ್ ಪರ್ಸಿಯೊಳಗ ಹವಳ ಸಿಗ್ತಾವೇನ್ರಿ? ಅದೂ ಸಮುದ್ರದ ಕಲ್ಲಂತಲ್ಲ?

ಸಮುದ್ರದ್ದು ಹೌದು, ಹವಳ ಮಾತ್ರ ಸಿಗುವುದಿಲ್ಲ. ಶಹಾಬಾದ್, ವಾಡಿ, ಸೇಡಂ ಕಡೆಯ ಸುಣ್ಣದ ಕಲ್ಲು ಭೀಮಾ ಜಲಾನಯನದ ಹಳೆಯ ಸಮುದ್ರದ ತಳದಲ್ಲಿ ಕೆಸರಾಗಿ ಕೂತು ಗಟ್ಟಿಯಾದದ್ದು. ಭೂವಿಜ್ಞಾನಿಗಳು ಅದನ್ನು ಪ್ರೀಕೇಂಬ್ರಿಯನ್ ಕಾಲದ್ದು ಅನ್ನುತ್ತಾರೆ, ಅಂದರೆ ಸುಮಾರು 54 ಕೋಟಿ ವರ್ಷಕ್ಕೂ ಹಿಂದಿನದು. ಇವತ್ತು ದಿಬ್ಬ ಕಟ್ಟುವ ಹವಳಗಳ ವಂಶ ಕಾಣಿಸಿಕೊಂಡಿದ್ದು ಸುಮಾರು 24 ಕೋಟಿ ವರ್ಷದ ಹಿಂದೆ. ನಮ್ಮ ಮನೆಯ ನೆಲ ಅವುಗಳಿಗಿಂತ ಎಷ್ಟೋ ಹಿರಿಯದು.

## ಕುಟುಕಿನ ಬಗ್ಗೆ

ಮಿದುಳೇ ಇಲ್ಲ ಅಂದ್ರ ಅದು ಕುಟುಕೋದು ಹ್ಯಾಂಗ?

ಮಿದುಳಿನ ಅಪ್ಪಣೆ ಬೇಕಾಗಿಲ್ಲ. ಕುಟುಕುವ ಪ್ರತಿ ಜೀವಕೋಶದೊಳಗೆ ಒಂದು ಸಣ್ಣ ಡಬ್ಬಿ ಇರುತ್ತದೆ. ಡಬ್ಬಿಯೊಳಗೆ ಸುರುಳಿ ಸುತ್ತಿದ ಟೊಳ್ಳು ದಾರ ಮತ್ತು ವಿಷ. ಒಳಗಿನ ಒತ್ತಡ ಗಾಳಿಯ ಒತ್ತಡದ ಸುಮಾರು 150 ಪಟ್ಟು! ಕಾರಿನ ಟೈರಿಗೆ ನಾವು ತುಂಬುವುದು ಎರಡು, ಎರಡೂವರೆ ಪಟ್ಟು ಅಷ್ಟೇ. ಏನಾದರೂ ತಾಗಿದಾಗ ಮುಚ್ಚಳ ತೆರೆದು ದಾರ ಚಿಮ್ಮುತ್ತದೆ. ಹೈಡ್ರಾದ ಮೇಲೆ ಮಾಡಿದ ಅಳತೆಯಲ್ಲಿ ಈ ಚಿಮ್ಮುವಿಕೆಗೆ ಹಿಡಿದ ಸಮಯ 700 ನ್ಯಾನೊಸೆಕೆಂಡ್, ಅಂದರೆ ಒಂದು ಸೆಕೆಂಡಿನ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗವೂ ಅಲ್ಲ. ಜೀವಲೋಕದಲ್ಲಿ ಇಷ್ಟು ವೇಗದ ಚಲನೆ ಬಹಳ ಅಪರೂಪ. ಒಂದು ಡಬ್ಬಿ ಒಮ್ಮೆ ಮಾತ್ರ ಹಾರುತ್ತದೆ, ಆಮೇಲೆ ಹೊಸ ಕೋಶ ಬೆಳೆಯಬೇಕು. ಪ್ರತಿ ಕೋಶ ತನ್ನಷ್ಟಕ್ಕೆ ಕೆಲಸ ಮಾಡುವುದರಿಂದಲೇ ಸತ್ತು ಬಿದ್ದ ಜೆಲ್ಲಿಫಿಶ್ ಕೂಡ, ಕಳಚಿ ಬಿದ್ದ ಎಳೆ ಕೂಡ ಕುಟುಕುತ್ತದೆ.

ಗೋವಾಕ್ಕ ಹೋದಾಗ ಕುಟುಕಿದ್ರ ಏನ್ ಮಾಡ್ಬೇಕು?

ಮೊದಲು ನೀರಿನಿಂದ ಹೊರಗೆ ಬನ್ನಿ. ಸಮುದ್ರದ ನೀರಿನಿಂದಲೇ ತೊಳೆಯಿರಿ, ಕುಡಿಯುವ ನೀರು ಹಾಕಬೇಡಿ. ಸಿಹಿನೀರು ತಾಗಿದರೆ ಹಾರದೆ ಉಳಿದ ಡಬ್ಬಿಗಳು ಹಾರಬಹುದು. ಅಂಟಿದ ಎಳೆಗಳನ್ನು ಚಿಮಟದಿಂದಲೋ ಕೈಗವಸು ಹಾಕಿಕೊಂಡೋ ತೆಗೆಯಿರಿ. ಮರಳು, ಟವೆಲ್ ಹಾಕಿ ಉಜ್ಜಬೇಡಿ. ಆಮೇಲೆ ಚರ್ಮ ತಡೆಯುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ಇಪ್ಪತ್ತರಿಂದ ನಲವತ್ತು ನಿಮಿಷ ಆ ಭಾಗವನ್ನು ಇಟ್ಟರೆ ನೋವು ಇಳಿಯುತ್ತದೆ. ಉಸಿರಾಡಲು ಕಷ್ಟ, ವಾಂತಿ, ಎದೆನೋವು ಕಂಡರೆ, ಮುಖಕ್ಕೆ ಕುಟುಕಿದ್ದರೆ, ಕುಟುಕಿಸಿಕೊಂಡವರು ಸಣ್ಣ ಮಕ್ಕಳಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮ ಪ್ರವಾಸದಲ್ಲಿ ಒಬ್ಬ ಹುಡುಗನಿಗೆ ಕುಟುಕಿದಾಗ ಪಕ್ಕದಲ್ಲಿದ್ದ ಯಾರೋ ಬಾಟಲಿ ನೀರು ಸುರಿದು ಮರಳಿನಿಂದ ತಿಕ್ಕಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಉರಿ ಜಾಸ್ತಿಯಾಗಿ ಹುಡುಗ ರಾತ್ರಿಯಿಡೀ ಅತ್ತ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೂತ್ರ ಹಚ್ಚಿದ್ರ ಉರಿ ಹೋಗ್ತದಂತ, ಖರೇನಾ?

ಸುಳ್ಳು. ಪ್ರಯೋಜನವಿಲ್ಲ, ಕುಟುಕು ಹೆಚ್ಚಾಗಲೂಬಹುದು.

ಮಳಿಗಾಲದಾಗ ಮುಂಬೈ ದಂಡಿಗೆ ನೀಲಿ ಬಾಟಲಿ ಬರ್ತಾವಲ್ಲ, ಅವೂ ಜೆಲ್ಲಿಫಿಶ್ಶೇ?

ನಮ್ಮ ಕಡೆಯಿಂದ ಮುಂಬೈಗೆ ದುಡಿಯಲು ಹೋದ ಮನೆಗಳಿಂದ ಈ ಪ್ರಶ್ನೆ ಬರುತ್ತದೆ. ಬ್ಲೂಬಾಟಲ್, ಅಂದರೆ ಫೈಸೇಲಿಯಾ, ಇದೇ ಬಳಗದ್ದಾದರೂ ನಿಜವಾದ ಜೆಲ್ಲಿಫಿಶ್ ಅಲ್ಲ. ಅದು ಒಂದು ಪ್ರಾಣಿಯೇ ಅಲ್ಲ ಅಂದರೂ ತಪ್ಪಿಲ್ಲ. ನಮ್ಮ ಕೂಡು ಕುಟುಂಬ ನೆನೆಸಿಕೊಳ್ಳಿ. ಒಬ್ಬರು ತೇಲಿಸುತ್ತಾರೆ, ಒಬ್ಬರು ಬೇಟೆ ಹಿಡಿಯುತ್ತಾರೆ, ಒಬ್ಬರು ಅರಗಿಸುತ್ತಾರೆ, ಒಬ್ಬರು ಸಂತಾನ ನೋಡಿಕೊಳ್ಳುತ್ತಾರೆ. ಎಲ್ಲರೂ ಒಂದೇ ಮೊಟ್ಟೆಯಿಂದ ಮೊಗ್ಗೊಡೆದು ಬಂದವರು, ಬೇರೆಯಾಗಿ ಬದುಕಲಾರರು. ಮೇಲಿನ ನೀಲಿ ಬುಗ್ಗೆಯನ್ನು ಗಾಳಿ ತಳ್ಳುತ್ತದೆ, ಅದಕ್ಕೇ ಮಳೆಗಾಲದ ಗಾಳಿಗೆ ಸಾಲುಸಾಲಾಗಿ ದಂಡೆಗೆ ಬೀಳುತ್ತವೆ. ನೋಡಲು ಬಲೂನಿನಂತೆ ಚೆಂದ ಇರುವುದರಿಂದ ಮಕ್ಕಳು ಕೈ ಹಾಕುತ್ತಾರೆ, ಜೋಪಾನ.

## ಸಮುದ್ರಕ್ಕೆ ಇವು ಯಾಕೆ ಬೇಕು

ಇವು ಇಲ್ದಿದ್ರ ಯಾರಿಗೇನು ನಷ್ಟ?

ಮೊದಲು ಜೆಲ್ಲಿಫಿಶ್. ಲೆದರ್‌ಬ್ಯಾಕ್ ಎಂಬ ಕಡಲಾಮೆ ನೂರಾರು ಕಿಲೋ ತೂಗುತ್ತದೆ, ಅಷ್ಟು ದೊಡ್ಡ ಮೈಯನ್ನು ಮುಖ್ಯವಾಗಿ ಜೆಲ್ಲಿಫಿಶ್ ತಿಂದೇ ಸಾಕುತ್ತದೆ. ಇಂಥ ಆಮೆಗಳು ತೇಲುವ ಪ್ಲಾಸ್ಟಿಕ್ ಚೀಲವನ್ನು ಜೆಲ್ಲಿಫಿಶ್ ಅಂದುಕೊಂಡು ನುಂಗಿ ಸಾಯುತ್ತವೆ. ಎಷ್ಟೋ ಮೀನಿನ ಮರಿಗಳು ಜೆಲ್ಲಿಫಿಶ್‌ನ ಕೊಡೆಯ ಕೆಳಗೇ ಅಡಗಿ ಬೆಳೆಯುತ್ತವೆ. ಸತ್ತ ಜೆಲ್ಲಿಫಿಶ್ ತಳಕ್ಕಿಳಿದು ಅಲ್ಲಿನ ಜೀವಿಗಳಿಗೆ ಊಟವಾಗುತ್ತದೆ.

ಹವಳದ ಲೆಕ್ಕ ಇನ್ನೂ ದೊಡ್ಡದು. ಹವಳದ ದಿಬ್ಬಗಳು ಇರುವುದು ಸಮುದ್ರ ತಳದ ಶೇ 1ಕ್ಕೂ ಕಡಿಮೆ ಜಾಗದಲ್ಲಿ. ಆದರೆ ಸಮುದ್ರದ ಜೀವಪ್ರಭೇದಗಳಲ್ಲಿ ಸುಮಾರು ಕಾಲು ಭಾಗ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಅವನ್ನು ಆಸರೆ ಮಾಡಿಕೊಂಡಿವೆ. ದಂಡೆಗೆ ಬರುವ ಅಲೆಯ ಬಲವನ್ನು ದಿಬ್ಬ ಸರಾಸರಿ ಶೇ 97ರಷ್ಟು ಮುರಿಯುತ್ತದೆ. ಲಕ್ಷದ್ವೀಪದ ಜನ ಮನೆ ಕಟ್ಟಿಕೊಂಡಿರುವ ನೆಲವೇ ಹವಳದ ಮರಳು. ಹವಳ ಬೆಳೆಯುವುದು ನಿಂತರೆ ಅಲೆ ಆ ನೆಲವನ್ನು ಕೊರೆಯುತ್ತಾ ಹೋಗುತ್ತದೆ.

ಸಮುದ್ರ ಒಂದ್ ಡಿಗ್ರಿ ಬಿಸಿ ಆದ್ರ ಹವಳ ಸಾಯ್ತಾವಂತ. ಒಂದ್ ಡಿಗ್ರಿ ಏನ್ ಮಹಾ? ನಮ್ಮಲ್ಲಿ 44 ಆಗ್ತದ!

ಬಿಸಿಲು 44 ಆದರೂ ನಮ್ಮ ಮೈಯೊಳಗೆ 37ರ ಆಸುಪಾಸೇ ಇರುತ್ತದೆ. ಒಳಗೆ 38 ಆದರೆ ಜ್ವರ ಅಂತ ಮಲಗುತ್ತೇವೆ, ಅಲ್ವಾ? ಹವಳಕ್ಕೆ ಒಳಗೂ ಹೊರಗೂ ಒಂದೇ. ಸಮುದ್ರ ಎಷ್ಟು ಬಿಸಿಯೋ ಮೈ ಅಷ್ಟು ಬಿಸಿ. ನಾವು ಮಧ್ಯಾಹ್ನ ನೆರಳಿಗೆ ಹೋಗುತ್ತೇವೆ, ಅದು ಎದ್ದು ಹೋಗಲಾರದು. ಆ ಜಾಗದ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ಹಾಗೇ ನಿಂತರೆ ಒಳಗಿನ ಪಾಚಿಗಳು ಹವಳಕ್ಕೆ ಹಾನಿಯಾಗುವ ಆಮ್ಲಜನಕದ ರೂಪಗಳನ್ನು ಬಿಡಲು ಶುರು ಮಾಡುತ್ತವೆ. ಹವಳ ಆ ಪಾಚಿಗಳನ್ನೇ ಹೊರಗೆ ಹಾಕಿಬಿಡುತ್ತದೆ. ಬಣ್ಣ ಬಂದಿದ್ದು ಪಾಚಿಯಿಂದ, ಹಾಗಾಗಿ ಈಗ ತೆಳು ಮೈಯ ಕೆಳಗಿನ ಸುಣ್ಣ ಬೆಳ್ಳಗೆ ಕಾಣುತ್ತದೆ. ಇದೇ ಬ್ಲೀಚಿಂಗ್.

ಬೆಳ್ಳಗಾದ ಹವಳ ಇನ್ನೂ ಸತ್ತಿಲ್ಲ, ಹಸಿದಿದೆ. ನೀರು ಬೇಗ ತಣ್ಣಗಾದರೆ ಪಾಚಿ ಮರಳಿ ಬರುತ್ತದೆ. ತಡವಾದರೆ ಇಲ್ಲ. ಜಗತ್ತಿನಾದ್ಯಂತ ಇಂಥ ಬ್ಲೀಚಿಂಗ್ 1998ರಲ್ಲಿ ಆಯಿತು, ಮತ್ತೆ 2010ರಲ್ಲಿ, ಮತ್ತೆ 2014ರಿಂದ 2017ರ ತನಕ. ನಾಲ್ಕನೆಯದನ್ನು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಖಚಿತಪಡಿಸಿದರು. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಕ್ಕೂ ಪೆಟ್ಟು ಬಿತ್ತು. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳಲು ದಿಬ್ಬಕ್ಕೆ ಹತ್ತು ವರ್ಷವಾದರೂ ಬೇಕು, ನಾವು ಅಷ್ಟು ಬಿಡುವು ಕೊಡುತ್ತಿಲ್ಲ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಾಲದ್ದಕ್ಕೆ ನಾವು ಬಿಟ್ಟ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಸಮುದ್ರಕ್ಕೆ ಕರಗುತ್ತದೆ, ಅದರಿಂದ ಸುಣ್ಣ ಕಟ್ಟುವುದೂ ಹವಳಕ್ಕೆ ಕಷ್ಟವಾಗುತ್ತಿದೆ.

ಕರ್ನಾಟಕದಾಗ ಹವಳ ಎಲ್ಲೆರ ನೋಡ್ಲಿಕ್ಕ ಸಿಗ್ತಾವೇನು?

ಮುರುಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದ ಸುತ್ತ. ದೇಶದಲ್ಲಿ ದೊಡ್ಡ ದಿಬ್ಬಗಳು ಬೇಕಾದರೆ ಕಚ್ ಕೊಲ್ಲಿ, ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ನಿಕೋಬಾರ್.

ಜೆಲ್ಲಿಫಿಶ್ ಎಲ್ಲಾ ಕಡೆ ಜಾಸ್ತಿ ಆಗ್ಯಾವಂತ, ಹೌದೇನ್ರಿ?

ಕೆಲವು ಕಡೆ ಹೌದು, ಎಲ್ಲಾ ಕಡೆ ಅಂತ ಹೇಳಲಾಗದು. ಅವು ಏರಿಳಿಯುತ್ತಾ ಇರುತ್ತವೆ. ಜಗತ್ತಿನ ದಾಖಲೆಗಳನ್ನು ಒಟ್ಟಿಗೆ ನೋಡಿದವರಿಗೆ ಸುಮಾರು 20 ವರ್ಷದ ಏರಿಳಿತ ಕಂಡಿದೆ. ಆದರೆ ನಾವು ಅವಕ್ಕೆ ಅನುಕೂಲ ಮಾಡಿಕೊಡುತ್ತಿರುವುದೂ ನಿಜ. ಅವುಗಳ ಜೊತೆ ಊಟಕ್ಕೆ ಪೈಪೋಟಿ ಮಾಡುವ ಮೀನನ್ನು ಬಲೆ ಹಾಕಿ ಬರಿದು ಮಾಡುತ್ತೇವೆ. ಬಂದರು, ಕಾಂಕ್ರೀಟ್ ಗೋಡೆ ಕಟ್ಟಿ ಪಾಲಿಪ್‌ಗೆ ಕೂರಲು ಜಾಗ ಕೊಡುತ್ತೇವೆ. ಗೊಬ್ಬರದ ನೀರು ಸಮುದ್ರಕ್ಕೆ ಸೇರಿ ಆಮ್ಲಜನಕ ಕಡಿಮೆಯಾದ ಕಡೆ ಮೀನು ಸಾಯುತ್ತದೆ, ಜೆಲ್ಲಿಫಿಶ್ ತಡೆದುಕೊಳ್ಳುತ್ತದೆ. ನಮ್ಮ ತೊಗರಿ, ಹತ್ತಿ ಹೊಲದ ನೀರು ಕಾಗಿಣಾ, ಭೀಮಾ, ಕೃಷ್ಣೆ ಹಿಡಿದು, ಬೀದರಿನದು ಮಾಂಜ್ರಾ, ಗೋದಾವರಿ ಹಿಡಿದು ಬಂಗಾಳ ಕೊಲ್ಲಿಗೇ ಹೋಗುವುದು. 2013ರಲ್ಲಿ ಸ್ವೀಡನ್ನಿನ ಓಸ್ಕರ್ಸ್‌ಹ್ಯಾಮ್ನ್ ಅಣುಸ್ಥಾವರದ ನೀರಿನ ಕೊಳವೆಗೆ ಜೆಲ್ಲಿಫಿಶ್ ತುಂಬಿಕೊಂಡು ಒಂದು ರಿಯಾಕ್ಟರನ್ನೇ ನಿಲ್ಲಿಸಬೇಕಾಯಿತು.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಸಾವೇ ಇಲ್ಲದ ಜೆಲ್ಲಿಫಿಶ್ ಅದ ಅಂತಾರ, ಖರೇನಾ?

ಇದಕ್ಕೆ ಮೊದಲು ಮಾಮೂಲಿ ಜೆಲ್ಲಿಫಿಶ್ ಹೇಗೆ ಹುಟ್ಟುತ್ತದೆ ಅಂತ ತಿಳಿಯಬೇಕು. ಮೊಟ್ಟೆಯಿಂದ ಬಂದ ಸಣ್ಣ ಮರಿ ಈಜಿ ಹೋಗಿ ಬಂಡೆಗೆ ಅಂಟಿ ಪಾಲಿಪ್ ಆಗುತ್ತದೆ. ಕಾಲ ಕೂಡಿ ಬಂದಾಗ ಆ ಪಾಲಿಪ್ ಮೈಯಲ್ಲಿ ಅಡ್ಡ ಗೆರೆಗಳು ಮೂಡುತ್ತವೆ. ಬುಟ್ಟಿಯಲ್ಲಿ ಒಂದರ ಮೇಲೊಂದು ಜೋಳದ ರೊಟ್ಟಿ ಒಟ್ಟಿದ ಹಾಗೆ ಕಾಣುತ್ತದೆ. ಮೇಲಿನ ರೊಟ್ಟಿ ಮೊದಲು ಕಳಚಿಕೊಂಡು ಈಜುತ್ತದೆ, ಆಮೇಲೆ ಅದರ ಕೆಳಗಿನದು. ಪ್ರತಿಯೊಂದೂ ಬೆಳೆದು ಜೆಲ್ಲಿಫಿಶ್ ಆಗುತ್ತದೆ, ಮೊಟ್ಟೆ ಇಟ್ಟು ಸಾಯುತ್ತದೆ.

ಟುರಿಟಾಪ್ಸಿಸ್ ಡೋರ್ನಿ ಎಂಬುದು ಬೇರೆ ಪಂಗಡದ, ಕಿರುಬೆರಳ ಉಗುರಿಗಿಂತ ಸಣ್ಣ ಜೆಲ್ಲಿಫಿಶ್. ಗಾಯವಾದರೆ, ಉಪವಾಸ ಬಿದ್ದರೆ ಅದು ಮುದುಡಿ, ತಳಕ್ಕಿಳಿದು, ಮತ್ತೆ ಪಾಲಿಪ್ ಆಗಿಬಿಡುತ್ತದೆ. ಚಿಟ್ಟೆ ಮತ್ತೆ ಹುಳುವಾದಂತೆ. ಅದನ್ನು ಯಾರಾದರೂ ತಿಂದರೆ, ರೋಗ ಬಂದರೆ ಸಾಯುತ್ತದೆ. ಮುಪ್ಪಿನಿಂದ ತಪ್ಪಿಸಿಕೊಳ್ಳುವ ದಾರಿ ಇದೆ ಅಂತಷ್ಟೇ ಅರ್ಥ.

ಮಿದುಳಿಲ್ಲದ್ದು ಪಾಠ ಕಲೀತದೇನು?

ಕಲಿಯುತ್ತದೆ. ಡಬ್ಬಿ ಆಕಾರದ ಬಾಕ್ಸ್ ಜೆಲ್ಲಿಫಿಶ್‌ಗೆ 24 ಕಣ್ಣುಗಳು, ಅದರಲ್ಲಿ ಕೆಲವಕ್ಕೆ ಮಸೂರವೂ ಇದೆ. ಕೆರಿಬಿಯನ್ ಕಡೆಯ ಟ್ರೈಪಿಡೇಲಿಯಾ ಎಂಬುದು ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರುಗಳ ನಡುವೆ ಈಜುತ್ತದೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಬೂದು, ಬಿಳಿ ಪಟ್ಟೆಯ ತೊಟ್ಟಿಯಲ್ಲಿ ಬಿಟ್ಟರು. ಬೂದು ಪಟ್ಟೆ ದೂರದ ಬೇರಿನಂತೆ ಕಾಣುವುದರಿಂದ ಮೊದಮೊದಲು ಹೋಗಿ ಹೋಗಿ ಢಿಕ್ಕಿ ಹೊಡೆಯಿತು. ಎಂಟು ನಿಮಿಷದೊಳಗೆ ತಪ್ಪಿಸಿಕೊಳ್ಳುವುದನ್ನು ಕಲಿತಿತ್ತು. ಮಿದುಳು ಇಲ್ಲದಿದ್ದರೂ ಮೈಯೆಲ್ಲಾ ಹರಡಿದ ನರದ ಜಾಲ ಇದೆ, ಕಣ್ಣಿನ ಗುಂಪುಗಳ ಹತ್ತಿರ ನರಗಳ ಗಂಟು ಇದೆ. ಮಕ್ಕಳು "ನಮಗಿಂತ ಬೇಗ ಕಲೀತು" ಅಂದರು.

ಜೆಲ್ಲಿಫಿಶ್ ಮೇಲೆ ನೊಬೆಲ್ ಬಂದದಂತ?

ಬಂದಿದೆ, 2008ರ ರಸಾಯನಶಾಸ್ತ್ರದ್ದು. ಒಸಾಮು ಶಿಮೊಮುರಾ 1962ರಲ್ಲಿ ಎಕ್ವೋರಿಯಾ ಎಂಬ ಜೆಲ್ಲಿಫಿಶ್‌ನಿಂದ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಬೇರ್ಪಡಿಸಿದರು. ಮಾರ್ಟಿನ್ ಚಾಲ್ಫಿ, ರೋಜರ್ ತ್ಸಿಯೆನ್ ಅದನ್ನು ಜೀವಕೋಶದೊಳಗೆ ದೀಪದಂತೆ ಬಳಸುವ ದಾರಿ ಮಾಡಿಕೊಟ್ಟರು. ಈಗ ಕ್ಯಾನ್ಸರ್ ಕೋಶ ಹರಡುವುದನ್ನು, ನರ ಬೆಳೆಯುವುದನ್ನು ಕಣ್ಣಾರೆ ನೋಡಲು ಅದೇ ಬೆಳಕು.

ಕೆರಿ ಮೀನಿನ ಕಿವಿರಿನಾಗ ಬಿಳಿ ಗುಳ್ಳಿ ಇದ್ದವು. ಅದಕ್ಕೂ ಜೆಲ್ಲಿಫಿಶ್‌ಗೂ ಸಂಬಂಧ ಅದ ಅಂದ್ರಿ, ಹ್ಯಾಂಗ?

ಯಾದಗಿರಿ ಕಡೆ ಮೀನು ಸಾಕುವವರೊಬ್ಬರು ಕೇಳಿದ್ದು. ಕಟ್ಲಾ, ರೋಹು ಮೀನಿನ ಕಿವಿರಿನಲ್ಲಿ ಸಾಬೂದಾನಿಯಂಥ ಬಿಳಿ ಗುಳ್ಳೆ ಕಂಡರೆ ಹೆಚ್ಚಾಗಿ ಅದು ಮಿಕ್ಸೊಬೋಲಸ್ ಎಂಬ ಪರಾವಲಂಬಿ. ಬಹಳ ಕಾಲ ಇವನ್ನು ಏಕಕೋಶ ಜೀವಿಗಳು ಅಂದುಕೊಂಡಿದ್ದರು. ವಂಶವಾಹಿ ನೋಡಿದ ಮೇಲೆ ಗೊತ್ತಾಯಿತು, ಇವು ಜೆಲ್ಲಿಫಿಶ್ ಬಳಗದಿಂದ ಕವಲೊಡೆದು ಬಂದವು. ಇನ್ನೊಬ್ಬರ ಮೈಯಲ್ಲಿ ಬದುಕಲು ಶುರು ಮಾಡಿದ ಮೇಲೆ ಬಾಯಿ, ಹೊಟ್ಟೆ, ನರ ಒಂದೊಂದಾಗಿ ಕಳೆದುಕೊಂಡವು. ಸಾಲ್ಮನ್ ಮೀನಿನಲ್ಲಿರುವ ಒಂದು ಪ್ರಭೇದ, ಆಮ್ಲಜನಕ ಬಳಸಿ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್ಎಯನ್ನೂ ಕಳೆದುಕೊಂಡಿದೆ ಅಂತ 2020ರಲ್ಲಿ ತಿಳಿಯಿತು. ಅದು ಆಮ್ಲಜನಕವೇ ಇಲ್ಲದೆ ಬದುಕುತ್ತದೆ.

ಮಿಕ್ಸೊಬೋಲಸ್ ಮೀನಿನ ರೋಗ. ಕಿವಿರು ತೆಗೆದು ಚೆನ್ನಾಗಿ ಬೇಯಿಸಿ ತಿನ್ನುವವರು ಹೆದರಬೇಕಾಗಿಲ್ಲ. ಸಾಕುವವರು ಮಾತ್ರ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ, ಮರಿಗಳಿಗೆ ಹರಡಿದರೆ ನಷ್ಟ. ತೋರಿಸುವ ಮೊದಲು ಹತ್ತಿರದ ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಇದ್ದರೆ ಒಂದು ಗುಳ್ಳೆಯನ್ನು ಗಾಜಿನ ಪಟ್ಟಿಯ ಮೇಲೆ ಒಡೆದು ನೋಡಿ. ಸಣ್ಣ ಸಣ್ಣ ಬೀಜಕಗಳು ಕಾಣುತ್ತವೆ. ಪ್ರತಿಯೊಂದರ ತುದಿಯಲ್ಲೂ ಜೋಡಿ ಡಬ್ಬಿಗಳು, ಒಳಗೆ ಸುರುಳಿ ಸುತ್ತಿದ ದಾರ. ಬಾಯಿ, ಹೊಟ್ಟೆ ಹೋದರೂ ಕುಟುಕುವ ಆ ಡಬ್ಬಿ ಮಾತ್ರ ಹೋಗಿಲ್ಲ.